ಜರ್ಮನ್ ಕಲಿಯಲು ಎಷ್ಟು ದಿನ ಬೇಕು? ಅರ್ಜಿ ಹಾಕುವ ಮನೆಗಳಿಗೂ ದಾನಿಗಳಿಗೂ ಒಂದು ವಿವರಣೆ



ಮೂರು ನಾಲ್ಕು ವರ್ಷದ ಹಿಂದೆ ನಮ್ಮ ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ಜರ್ಮನ್ ಎಂಬ ಶಬ್ದವೇ ಇರಲಿಲ್ಲ. ಪಿಯುಸಿ ಶುಲ್ಕ, ಡಿಪ್ಲೊಮಾ, ನರ್ಸಿಂಗ್, ಬಿ.ಎಡ್., ಹಾಸ್ಟೆಲ್ ಖರ್ಚು, ಇಷ್ಟೇ. ಈಗ ವಿಜಯಪುರ ನಗರದಿಂದಲೂ, ತಿಕೋಟಾ, ಬಬಲೇಶ್ವರ ಕಡೆಯ ಊರುಗಳಿಂದಲೂ ಈ ಒಂದು ಕೋರಿಕೆ ಮತ್ತೆ ಮತ್ತೆ ಬರುತ್ತಿದೆ. ಹೆಚ್ಚಿನವರು ನರ್ಸಿಂಗ್ ಮುಗಿಸಿದ ಹೆಣ್ಣುಮಕ್ಕಳು. ಕೆಲವರು ಐಟಿಐ, ಡಿಪ್ಲೊಮಾ ಆದ ಹುಡುಗರು. ಒಬ್ಬಿಬ್ಬರು ಎಂಜಿನಿಯರಿಂಗ್ ಮುಗಿಸಿ ಮುಂದಿನ ಓದಿಗೆ ಹೋಗಬೇಕೆನ್ನುವವರು.

ಬರುವವರೆಲ್ಲ ಕೇಳುವ ಪ್ರಶ್ನೆ ಒಂದೇ. ತಿಕೋಟಾದಿಂದ ಬಂದ ತಾಯಿಯೊಬ್ಬರು ನಮ್ಮ ಕಚೇರಿಯ ಬೆಂಚಿನ ಮೇಲೆ ಕುಳಿತು ಕೇಳಿದ್ದು ಹೀಗೆ: "ಸಾಹೇಬ್ರ, ಭಾಷಾ ಕಲಿಯಾಕ ಮೂರ ತಿಂಗಳ ಸಾಕು ಅಂದಾರ್ರಿ. ಖರೇ ಏನ್ರಿ?" ಹಾಗೆಂದು ಅವರಿಗೆ ಹೇಳಿದವನು ಬೇರೆ ಊರಿನ ಒಬ್ಬ ಏಜೆಂಟ್. ಮೂರು ತಿಂಗಳಿಗೆ ಪರೀಕ್ಷೆ, ಆರು ತಿಂಗಳಿಗೆ ವಿಮಾನ ಎಂದು ಮಾತು ಕೊಟ್ಟಿದ್ದನಂತೆ. ಮುಂಗಡ ಹಣದ ಜೊತೆಗೆ ಮಗಳ ಮೂಲ ಅಂಕಪಟ್ಟಿಗಳನ್ನೂ ಕೇಳಿದ್ದ. ದ್ರಾಕ್ಷಿ ತೋಟದ ಕೂಲಿಯಲ್ಲಿ ಉಳಿಸಿದ್ದು ಸಾಲದೆ ಆ ತಾಯಿ ಕೈಯ ಬಳೆ ಅಡವಿಡಲು ಹೊರಟಿದ್ದರು. ದಾರಿಯಲ್ಲಿ ಒಮ್ಮೆ ಕೇಳಿ ಹೋಗೋಣ ಎಂದು ನಮ್ಮಲ್ಲಿಗೆ ಬಂದರು.

ಮೂರು ತಿಂಗಳು ಖರೆ ಅಲ್ಲ. ಹಾಗಾದರೆ ಎಷ್ಟು? ಆ ದಿನ ನಮ್ಮ ಬಳಿಯೂ ಸರಿಯಾದ ಉತ್ತರ ಇರಲಿಲ್ಲ. ಈ ವರ್ಷ ಕಲಿಸುವವರನ್ನು ಕೇಳಿ, ಪರೀಕ್ಷೆ ಬರೆದವರನ್ನು ಕೇಳಿ, ನಮ್ಮ ಹಳೆಯ ಫೈಲುಗಳನ್ನು ತೆಗೆದು ನೋಡಿ ಹಾಕಿದ ಲೆಕ್ಕ ಇಲ್ಲಿದೆ. ಮನೆಯವರು ಬೇಸರಿಸದೆ ಪೂರ್ತಿ ಓದಬೇಕು. ನಿಮ್ಮ ಹಣ ಒಬ್ಬ ವಿದ್ಯಾರ್ಥಿಯ ಹೆಸರಿನಲ್ಲಿ ಒಂದೂವರೆ ವರ್ಷ ಏಕೆ ನಿಲ್ಲುತ್ತದೆ ಎಂಬುದಕ್ಕೆ ದಾನಿಗಳಿಗೂ ಇದರಲ್ಲಿ ಉತ್ತರವಿದೆ.

ಮೊದಲು ಮೆಟ್ಟಿಲುಗಳ ವಿಷಯ. ಯುರೋಪಿನ ಭಾಷೆಗಳ ಕಲಿಕೆಯನ್ನು ಆರು ಮೆಟ್ಟಿಲಾಗಿ ಅಳೆಯುತ್ತಾರೆ: ಎ1, ಎ2, ಬಿ1, ಬಿ2, ಸಿ1, ಸಿ2. ಎ1 ಎಂದರೆ ಹೆಸರು, ಊರು, ಅಂಗಡಿಯಲ್ಲಿ ಬೆಲೆ ಕೇಳುವುದು, ಗಂಟೆ ಹೇಳುವುದು. ಎ2ರಲ್ಲಿ ಬಸ್ಸು, ಬಾಡಿಗೆ ಮನೆ, ಡಾಕ್ಟರ ಹತ್ತಿರ ತನಗೇನಾಗಿದೆ ಎಂದು ಹೇಳುವಷ್ಟು. ಬಿ1 ಮುಟ್ಟಿದವರು ಆ ದೇಶದಲ್ಲಿ ಒಬ್ಬರೇ ಓಡಾಡಿ ದಿನದ ಬದುಕು ಸಾಗಿಸಬಲ್ಲರು. ಬಿ2 ಎಂದರೆ ಕೆಲಸದ ಭಾಷೆ: ಎದುರಿನವರು ತಡೆಯಿಲ್ಲದೆ ಮಾತಾಡಿದರೂ ಅರ್ಥವಾಗಬೇಕು, ತಾನು ಹೇಳಬೇಕಾದ್ದನ್ನು ಕಾರಣ ಸಮೇತ ಹೇಳಿ ಬರೆಯಬೇಕು. ಸಿ1, ಸಿ2 ವಿಶ್ವವಿದ್ಯಾಲಯದ ಓದಿಗೆ, ವೈದ್ಯರಿಗೆ, ವಿದ್ವಾಂಸರಿಗೆ.

ಯಾರಿಗೆ ಯಾವ ಮೆಟ್ಟಿಲು ಬೇಕು ಎಂಬಲ್ಲಿಯೇ ಹೆಚ್ಚಿನ ಗೊಂದಲ. ನರ್ಸಾಗಿ ಪೂರ್ಣ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ2 ಬೇಕು. ಕೆಲವು ಆಸ್ಪತ್ರೆಗಳು ಬಿ1 ಆದವರನ್ನು ಸಹಾಯಕರಾಗಿ ಕರೆಸಿಕೊಂಡು ಉಳಿದದ್ದನ್ನು ಅಲ್ಲಿಯೇ ಕಲಿಸುತ್ತವೆ. ಆದರೆ ಬಿ2 ಆಗುವವರೆಗೆ, ನಮ್ಮ ನರ್ಸಿಂಗ್ ಓದಿಗೆ ಅಲ್ಲಿನ ಮಾನ್ಯತೆ ಸಿಗುವವರೆಗೆ, ಸಂಬಳವೂ ಸಹಾಯಕರದ್ದೇ. ಅಲ್ಲಿಗೇ ಹೋಗಿ ಮೂರು ವರ್ಷದ ವೃತ್ತಿ ತರಬೇತಿ ಸೇರುವವರಿಗೆ ಕನಿಷ್ಠ ಬಿ1 ಕೇಳುತ್ತಾರೆ. ನರ್ಸಿಂಗ್ ತರಬೇತಿಗೆ ಹಲವು ಕಡೆ ಬಿ2. ಈ ತರಬೇತಿಯಲ್ಲಿ ತಿಂಗಳ ಭತ್ಯೆ ಸಿಗುತ್ತದೆ. ವೈದ್ಯರಿಗೆ ಬಿ2 ಅಲ್ಲದೆ, ಸಿ1 ಮಟ್ಟದ ವೈದ್ಯಕೀಯ ಭಾಷೆಯ ಬೇರೆ ಪರೀಕ್ಷೆ ಇದೆ. ಇಂಗ್ಲಿಷಿನಲ್ಲಿ ನಡೆಯುವ ಎಂ.ಎಸ್. ಕೋರ್ಸಿಗೆ ಹೋಗುವ ಎಂಜಿನಿಯರಿಗೆ ಪ್ರವೇಶಕ್ಕೆ ಜರ್ಮನ್ ಬೇಡದಿರಬಹುದು. ಆದರೆ ಅಲ್ಲಿ ಇಳಿದ ಮೇಲೆ ಬಿಡುವಿನ ಕೆಲಸ ಹುಡುಕುವಾಗ, ಓದು ಮುಗಿದು ನೌಕರಿ ಹುಡುಕುವಾಗ ಭಾಷೆ ಬೇಕೇ ಬೇಕು.

ಇನ್ನು ಗಂಟೆಗಳು. ಗೋಥೆ ಇನ್‌ಸ್ಟಿಟ್ಯೂಟ್ ಜರ್ಮನ್ ಭಾಷೆ ಕಲಿಸುವ, ಪರೀಕ್ಷೆ ನಡೆಸುವ ಹೆಸರಾದ ಸಂಸ್ಥೆ. ಭಾರತದಲ್ಲಿ ಅದನ್ನು ಮ್ಯಾಕ್ಸ್ ಮುಲ್ಲರ್ ಭವನ ಎಂದೂ ಕರೆಯುತ್ತಾರೆ. ಬೆಂಗಳೂರಿನಲ್ಲಿದೆ, ಪುಣೆಯಲ್ಲಿದೆ. ಅವರು ಪಾಠವನ್ನು 45 ನಿಮಿಷದ ಪೀರಿಯಡ್ ಲೆಕ್ಕದಲ್ಲಿ ಹೇಳುತ್ತಾರೆ. ಏನೂ ಗೊತ್ತಿಲ್ಲದವರು ಬಿ1 ಮುಗಿಸಲು 350ರಿಂದ 650 ಪೀರಿಯಡ್, ಬಿ2 ಮುಗಿಸಲು ಒಟ್ಟು 600ರಿಂದ 800 ಪೀರಿಯಡ್ ಎಂದು ಅವರ ಅಂದಾಜು. ಗಡಿಯಾರದ ಗಂಟೆಗೆ ಇಳಿಸಿದರೆ ಬಿ2ಕ್ಕೆ 450ರಿಂದ 600 ಗಂಟೆ. ಇದು ಮೇಷ್ಟ್ರ ಮುಂದೆ ಕುಳಿತ ಗಂಟೆ ಮಾತ್ರ. ಪಾಠ ಕೇಳಿದಷ್ಟೇ ಹೊತ್ತು ಮನೆಯಲ್ಲಿ ಓದದಿದ್ದರೆ ಯಾರೂ ದಾಟಿಲ್ಲ ಎಂಬುದು ನಮ್ಮ ಮಕ್ಕಳ ಅನುಭವ. ಆದ್ದರಿಂದ ನಾವು ಒಟ್ಟು 900ರಿಂದ 1200 ಗಂಟೆ ಎಂದು ಹಿಡಿದಿದ್ದೇವೆ.

ಈಗ ಭಾಗಾಕಾರ ಮಾಡಿ ನೋಡೋಣ. ಬೇರೆ ಕೆಲಸವಿಲ್ಲದೆ ದಿನಕ್ಕೆ ಐದು ಗಂಟೆ, ವಾರಕ್ಕೆ ಆರು ದಿನ ಕೂಡುವವರಿಗೆ 30ರಿಂದ 40 ವಾರ. ದಿನಕ್ಕೆ ಮೂರು ಗಂಟೆ ಕೂಡುವವರಿಗೆ 50ರಿಂದ 67 ವಾರ, ಅಂದರೆ ವರ್ಷದ ಮೇಲೆ. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ದಿನಕ್ಕೆ ಒಂದೂವರೆ ಗಂಟೆ ಓದುವವರಿಗೆ ಎರಡರಿಂದ ಎರಡೂವರೆ ವರ್ಷ. ಮೊಬೈಲಿನ ಆಟದಂಥ ಆ್ಯಪಿನಲ್ಲಿ ದಿನಕ್ಕೆ ಹದಿನೈದು ನಿಮಿಷ ಒತ್ತಿದರೆ ವರ್ಷಕ್ಕೆ ಸುಮಾರು 91 ಗಂಟೆಯಷ್ಟೇ ಆಗುತ್ತದೆ. ಹತ್ತು ವರ್ಷ ಬೇಕು! ಆ್ಯಪ್ ಬೇಡವೆನ್ನುವುದಿಲ್ಲ, ಶಬ್ದ ನೆನಪಿಡಲು ಒಳ್ಳೆಯದೇ. ಅದೊಂದರಿಂದಲೇ ಪರೀಕ್ಷೆ ದಾಟುವುದಿಲ್ಲ.

ಇನ್ನೊಂದು ಅಳತೆಯೂ ಇದೆ. ಅಮೆರಿಕ ಸರಕಾರ ತನ್ನ ರಾಯಭಾರಿ ಕಚೇರಿಗಳ ನೌಕರರಿಗೆ ಭಾಷೆ ಕಲಿಸುವ ಶಾಲೆಯಲ್ಲಿ ಜರ್ಮನ್ ಭಾಷೆಗೆ ಸುಮಾರು 36 ವಾರ ಇಟ್ಟಿದೆ. ಅವರು ಇಂಗ್ಲಿಷ್ ಮನೆಮಾತಿನವರು, ಸಂಬಳ ತೆಗೆದುಕೊಂಡು ದಿನವಿಡೀ ಅದನ್ನೇ ಕಲಿಯುವವರು, ತರಗತಿಯಲ್ಲಿ ಕೈಬೆರಳೆಣಿಕೆಯ ಮಂದಿ. ಅಂಥವರಿಗೇ ಒಂಬತ್ತು ತಿಂಗಳ ಹತ್ತಿರ ಹಿಡಿಯುವಾಗ, ಮನೆಗೆಲಸ ಮಾಡಿ, ತಮ್ಮನ ಜೊತೆ ಒಂದೇ ಫೋನ್ ಹಂಚಿಕೊಂಡು ಕಲಿಯುವ ನಮ್ಮ ಬಬಲೇಶ್ವರದ ಹುಡುಗಿಗೆ ಮೂರು ತಿಂಗಳು ಸಾಕು ಎನ್ನುವವನ ಮಾತನ್ನು ಹೇಗೆ ನಂಬುವುದು?

ಇಲ್ಲಿ ನಮ್ಮದೇ ತಪ್ಪೊಂದನ್ನು ಹೇಳಬೇಕು. ಏಜೆಂಟನನ್ನು ಮಾತ್ರ ಬೈದರೆ ನ್ಯಾಯವಾಗುವುದಿಲ್ಲ.

ಹಿಂದೊಮ್ಮೆ ನರ್ಸಿಂಗ್ ಮುಗಿಸಿದ ಒಬ್ಬ ಹೆಣ್ಣುಮಗಳಿಗೆ ಜರ್ಮನ್ ಕಲಿಕೆಗೆಂದು ಆರು ತಿಂಗಳ ಶುಲ್ಕ ಮಂಜೂರು ಮಾಡಿ ಠರಾವು ಪಾಸು ಮಾಡಿದೆವು. ಆರು ತಿಂಗಳು ಎಂಬುದು ಎಲ್ಲಿಂದ ಬಂತು? ಕಂಪ್ಯೂಟರ್ ಕೋರ್ಸಿಗೆ ಆರು ತಿಂಗಳು ಕೊಡುತ್ತಿದ್ದೆವು, ಟೈಲರಿಂಗಿಗೂ ಅಷ್ಟೇ, ಇದಕ್ಕೂ ಅಷ್ಟೇ ಇರಲಿ ಎಂದು ಬರೆದೆವು. ಯಾರನ್ನೂ ಕೇಳಲಿಲ್ಲ. ಆರು ತಿಂಗಳು ಮುಗಿದಾಗ ಅವರು ಎ2 ದಾಟಿದ್ದರು, ಬಿ1 ಪುಸ್ತಕ ಆಗಷ್ಟೇ ತೆರೆದಿದ್ದರು. ನಮ್ಮ ನೆರವು ನಿಂತಿತು. ಅವರು ಖಾಸಗಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಸೇರಿದರು. ಹತ್ತು ತಿಂಗಳ ಬಳಿಕ ಒಂದಿಷ್ಟು ಹಣ ಕೂಡಿಸಿಕೊಂಡು ಮತ್ತೆ ಕಲಿಯಲು ಹೋದಾಗ ಮೊದಲು ಕಲಿತದ್ದರಲ್ಲಿ ಅರ್ಧ ಮರೆತುಹೋಗಿತ್ತು. ಎ2 ಅನ್ನೇ ಎರಡನೆಯ ಸಲ ಕಲಿಯಬೇಕಾಯಿತು. ಭಾಷೆ ಅಂಗಡಿಯಲ್ಲಿಟ್ಟ ಸಾಮಾನಿನಂತೆ ಇಟ್ಟಲ್ಲಿ ಇರುವುದಿಲ್ಲ, ಬಳಸದಿದ್ದರೆ ಕರಗುತ್ತದೆ. ದಾನಿಗಳ ಹಣವೂ ಹೋಯಿತು, ಆ ಮಗಳ ಒಂದು ವರ್ಷವೂ ಹೋಯಿತು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇವೆ. ಅವರ ಮುಂದಿನ ಸಂಗತಿ ಕೊನೆಯಲ್ಲಿ ಬರುತ್ತದೆ.

ಭಾಷೆ ಅಷ್ಟೊಂದು ಕಷ್ಟವೇ ಎಂದು ಕೇಳಿದರೆ, ನಮ್ಮ ಕಡೆಯವರಿಗೆ ಕೆಲವು ವಿಷಯ ಸುಲಭ, ಕೆಲವು ಕಠಿಣ. ಸುಲಭವಾದವು ಹಲವಿವೆ, ಅದನ್ನು ಯಾರೂ ಮಕ್ಕಳಿಗೆ ಹೇಳುವುದಿಲ್ಲ. ಇಂಗ್ಲಿಷ್ ಸರಿಯಾಗಿ ಬಾರದವರಿಗೆ ಜರ್ಮನ್ ಹೇಗೆ ಬಂದೀತು ಎಂದು ಹೆದರಿಸುವವರೇ ಹೆಚ್ಚು.

ನಮ್ಮ ಮನೆಗಳಲ್ಲಿ ಮಾತು ದಖನಿ ಉರ್ದು, ಬೀದಿಯಲ್ಲಿ ಕನ್ನಡ, ತಿಕೋಟಾದಿಂದ ಆಚೆ ಗಡಿ ದಾಟಿದರೆ ಮರಾಠಿ. ಈ ಮೂರೂ ಜರ್ಮನ್ ಕಲಿಯುವಾಗ ಕೈ ಹಿಡಿಯುತ್ತವೆ. 'ಅವನು ನಾಳೆ ಬರುತ್ತಾನೆಂದು ನನಗೆ ಗೊತ್ತು' ಎಂಬಲ್ಲಿ ಬರುವ ಮಾತು ನಾಳೆಯ ನಂತರ ಬರುತ್ತದಲ್ಲ, ಜರ್ಮನಿನಲ್ಲೂ ಇಂಥ ಒಳವಾಕ್ಯದಲ್ಲಿ ಕ್ರಿಯಾಪದ ಕೊನೆಗೇ ಹೋಗುತ್ತದೆ: 'ದಾಸ್ ಎರ್ ಮೋರ್ಗನ್ ಕೊಮ್ಟ್', ಅಂದರೆ ಅವನು ನಾಳೆ ಬರುತ್ತಾನೆಂದು. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಇದು ತಲೆನೋವು. ನಮಗೆ ಇದು ಅಭ್ಯಾಸವಾದದ್ದೇ. ತಲೆನೋವಿಗೆ ಅವರು 'ಕೋಪ್ಫ್‌ಶ್ಮೆರ್ಟ್ಸನ್' ಎನ್ನುತ್ತಾರೆ: ಕೋಪ್ಫ್ ತಲೆ, ಶ್ಮೆರ್ಟ್ಸ್ ನೋವು. ಹೊಟ್ಟೆನೋವೂ ಹಾಗೆಯೇ. ರಕ್ತದೊತ್ತಡ 'ಬ್ಲೂಟ್‌ಡ್ರುಕ್': ಬ್ಲೂಟ್ ರಕ್ತ, ಡ್ರುಕ್ ಒತ್ತಡ. ಎಂಟನೆಯ ತರಗತಿಯಲ್ಲಿ ಸಮಾಸ ಬಿಡಿಸಿದ ಯಾವ ಮಗುವಾದರೂ ಆ ಉದ್ದುದ್ದ ಶಬ್ದಗಳನ್ನು ಬಿಡಿಸಬಲ್ಲದು. ವಿಭಕ್ತಿ ಪ್ರತ್ಯಯವೂ ಅಷ್ಟೇ. ಮನೆ, ಮನೆಯನ್ನು, ಮನೆಗೆ, ಮನೆಯ ಎಂದು ಕನ್ನಡದಲ್ಲಿ ಕಲಿತವರಿಗೆ ಜರ್ಮನಿನ ನಾಲ್ಕು ವಿಭಕ್ತಿಗಳು ಏನು ಮಾಡುತ್ತವೆ ಎಂದು ವಿವರಿಸಬೇಕಿಲ್ಲ, ಅವು ಹೇಗೆ ಕಾಣುತ್ತವೆ ಎಂದು ಕಲಿಸಿದರೆ ಸಾಕು. ನೀನು, ನೀವು ಎಂಬ ಭೇದ ಅಲ್ಲೂ ಇದೆ: 'ದು' ಎಂದರೆ ನೀನು, 'ಝೀ' ಎಂದರೆ ನೀವು. ರೋಗಿಗೆ ನೀನು ಎನ್ನಬಾರದು ಎಂದು ನಮ್ಮ ಮಕ್ಕಳಿಗೆ ಹೇಳಿಕೊಡಬೇಕೇ?

ಉರ್ದುವಿನಿಂದ ಬರುವ ಲಾಭ ಬೇರೆ. 'ಖಬರ್' ಎನ್ನುವಾಗ ಗಂಟಲಿನಿಂದ ಬರುವ ಆ ಧ್ವನಿ ಜರ್ಮನಿನಲ್ಲಿ ಹೇರಳ. ಕುರ್ಚಿ ಸ್ತ್ರೀಲಿಂಗ, ಬಾಗಿಲು ಪುಲ್ಲಿಂಗ ಎಂಬುದು ಕನ್ನಡದವರಿಗೆ ನಗು ಬರಿಸುತ್ತದೆ, ಉರ್ದು ಓದಿದವರಿಗೆ ಗೊತ್ತಿದ್ದದ್ದೇ. ಸಂಖ್ಯೆಯಲ್ಲಿ ಇನ್ನೊಂದು ಮೋಜು. ಇಪ್ಪತ್ತೈದಕ್ಕೆ ಜರ್ಮನರು 'ಫ್ಯುನ್ಫ್-ಉಂಟ್-ಟ್ಸ್ವಾನ್ಸಿಶ್' ಎನ್ನುತ್ತಾರೆ, ಅಂದರೆ ಐದು ಮತ್ತು ಇಪ್ಪತ್ತು. ನಮ್ಮ ಅಮ್ಮಿಯರು 'ಪಚ್ಚೀಸ್' ಎನ್ನುವಾಗಲೂ ಐದೇ ಮೊದಲು ಬರುತ್ತದೆ.

ಕಠಿಣವಾದದ್ದು ಲಿಂಗವೇ. ಕನ್ನಡದಲ್ಲಿ ಗಂಡು, ಹೆಣ್ಣು, ಉಳಿದದ್ದು ನಪುಂಸಕ ಎಂದು ಅರ್ಥ ನೋಡಿ ಹೇಳಬಹುದು. ಜರ್ಮನಿನಲ್ಲಿ ಊಟದ ಮೇಜಿನ ಮೇಲೆ ಚಮಚ ಪುಲ್ಲಿಂಗ, ಮುಳ್ಳುಚಮಚ ಸ್ತ್ರೀಲಿಂಗ, ಚಾಕು ನಪುಂಸಕಲಿಂಗ. ಹುಡುಗಿ ಎಂಬರ್ಥದ 'ಮೇಡ್‌ಶನ್' ಕೂಡ ನಪುಂಸಕಲಿಂಗ! ಉರ್ದುವಿನ ಎರಡು ಲಿಂಗದ ಅಭ್ಯಾಸ ಇದ್ದರೂ ಮೂರನೆಯದು ಸೇರಿದಾಗ ಎಡವುತ್ತಾರೆ. ಪ್ರತಿ ಶಬ್ದವನ್ನೂ ಅದರ ಮುಂದಿನ 'ದೆರ್, ದೀ, ದಾಸ್' ಸಮೇತ ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ. ಮಗ್ಗಿ ಬಾಯಿಪಾಠ ಮಾಡಿದವರು ಇದನ್ನೂ ಮಾಡಬಲ್ಲರು, ಸಮಯ ಮಾತ್ರ ಬೇಕು. ಎ2ರಿಂದ ಬಿ1ಕ್ಕೆ ಹೋಗುವಾಗ ಹೆಚ್ಚಿನವರು ನಿಲ್ಲುವುದು ಇಲ್ಲಿಯೇ. ಮೊದಲ ಮೂರು ತಿಂಗಳು ಖುಷಿಯಿಂದ ಕಲಿಯುತ್ತಾರೆ, ಮನೆಯಲ್ಲಿ ಎಲ್ಲರಿಗೂ 'ಗುಟನ್ ಮೋರ್ಗನ್' ಹೇಳುತ್ತಾರೆ. ಐದನೆಯ ತಿಂಗಳಲ್ಲಿ ವಿಭಕ್ತಿ, ಲಿಂಗ, ಕ್ರಿಯಾಪದ ಮೂರೂ ಒಟ್ಟಿಗೆ ಮೇಲೆ ಬೀಳುತ್ತವೆ. ಆ ಹೊತ್ತಿಗೆ ಮನೆಯಲ್ಲೂ 'ಇನ್ನೂ ಆಗಲಿಲ್ಲವೇ?' ಎಂಬ ಪ್ರಶ್ನೆ ಶುರುವಾಗುತ್ತದೆ. ಪೋಷಕರಲ್ಲಿ ನಮ್ಮ ವಿನಂತಿ: ಐದನೆಯ ತಿಂಗಳಲ್ಲಿ ಆ ಪ್ರಶ್ನೆ ಕೇಳಬೇಡಿ.

ಬಿ2 ಇಲ್ಲದೆ ಆಸ್ಪತ್ರೆಯಲ್ಲಿ ಏಕೆ ನಡೆಯುವುದಿಲ್ಲ ಎಂಬುದನ್ನು ನಮ್ಮ ಊರಿನ ಉದಾಹರಣೆಯಿಂದಲೇ ಹೇಳಬಹುದು. ಪುಸ್ತಕದ ಕನ್ನಡ ಕಲಿತು ಬಂದ ಹೊರರಾಜ್ಯದ ನರ್ಸಿಗೆ ನಮ್ಮ ಅಜ್ಜಿಯೊಬ್ಬರು "ಎದ್ಯಾಗ ಕಸಿವಿಸಿ ಆಗಾಕತ್ತೈತವ್ವ" ಎಂದರೆ ಏನು ತಿಳಿಯಬೇಕು? ಅದು ಗ್ಯಾಸೋ, ಹೃದಯಾಘಾತವೋ? ಜರ್ಮನಿಯಲ್ಲೂ ಮುದುಕರು ಪುಸ್ತಕದ ಭಾಷೆ ಆಡುವುದಿಲ್ಲ. ಬವೇರಿಯಾದ ಮಾತು ಬೇರೆ, ಉತ್ತರದ ಮಾತು ಬೇರೆ. ಪಾಳಿ ಬದಲಾಗುವಾಗ ಹತ್ತು ರೋಗಿಗಳ ಸ್ಥಿತಿಯನ್ನು ಮುಂದಿನ ನರ್ಸಿಗೆ ಬಾಯಿಮಾತಿನಲ್ಲಿ ಒಪ್ಪಿಸಬೇಕು, ಫೋನಿನಲ್ಲಿ ವೈದ್ಯರು ಹೇಳಿದ ಔಷಧದ ಪ್ರಮಾಣ ಸರಿಯಾಗಿ ಕೇಳಿಸಿಕೊಳ್ಳಬೇಕು. ಅಲ್ಲಿ ತಪ್ಪಾದರೆ ಹೋಗುವುದು ಅಂಕವಲ್ಲ.

ಪರೀಕ್ಷೆಯ ವಿಷಯ. ಬಿ1, ಬಿ2 ಪರೀಕ್ಷೆಯಲ್ಲಿ ಓದುವುದು, ಕೇಳಿಸಿಕೊಳ್ಳುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ. ಗೋಥೆ ಪರೀಕ್ಷೆಯಲ್ಲಿ ಪ್ರತಿ ಭಾಗಕ್ಕೆ 100 ಅಂಕ, ಪ್ರತಿಯೊಂದರಲ್ಲೂ 60 ಬರಬೇಕು. ಒಂದರಲ್ಲಿ 95 ಬಂದು ಇನ್ನೊಂದರಲ್ಲಿ 55 ಬಂದರೆ ಆ ಇನ್ನೊಂದು ಭಾಗ ಫೇಲು. ಸಮಾಧಾನದ ಸಂಗತಿಯೆಂದರೆ ಫೇಲಾದ ಭಾಗವನ್ನಷ್ಟೇ ಮತ್ತೆ ಬರೆಯಬಹುದು, ನಾಲ್ಕನ್ನೂ ಬರೆಯಬೇಕಿಲ್ಲ. ಇದು ಗೊತ್ತಿಲ್ಲದೆ ಒಂದು ಭಾಗ ಹೋಯಿತೆಂದು ಎಲ್ಲವನ್ನೂ ಬಿಟ್ಟು ಕುಳಿತವರಿದ್ದಾರೆ. ಪರೀಕ್ಷೆಗೆ ವಿಜಯಪುರದಿಂದ ಬೆಂಗಳೂರಿಗೆ ಹೋಗಬೇಕು, ಇಲ್ಲವೇ ಸೊಲ್ಲಾಪುರದ ಮೇಲೆ ಪುಣೆಗೆ. ಹೆಣ್ಣುಮಗಳ ಜೊತೆ ಮನೆಯವರೊಬ್ಬರು, ಹೋಗಿ ಬರುವ ಟಿಕೆಟ್, ಒಂದೆರಡು ರಾತ್ರಿ ವಸತಿ. ಪರೀಕ್ಷೆಯ ಜಾಗಗಳು ಬೇಗ ತುಂಬಿಬಿಡುತ್ತವೆ, ತಿಂಗಳು ಎರಡು ತಿಂಗಳು ಕಾಯುವುದು ಹೊಸದಲ್ಲ. ನಮ್ಮ ಲೆಕ್ಕಕ್ಕೆ ಈ ಕಾಯುವ ದಿನಗಳನ್ನೂ ಸೇರಿಸಬೇಕು.

ನಮ್ಮ ಕಡೆಯ ಕ್ಯಾಲೆಂಡರನ್ನೂ ಮರೆಯುವಂತಿಲ್ಲ. ದ್ರಾಕ್ಷಿ ಚಾಟ್ನಿಯ ದಿನಗಳಲ್ಲಿ, ಮಣೂಕ ಮಾಡುವ ಸುಗ್ಗಿಯಲ್ಲಿ ತಿಕೋಟಾ, ಬಬಲೇಶ್ವರದ ಮಕ್ಕಳು ತರಗತಿಗೆ ಬರುವುದು ಕಡಿಮೆ. ರಮಜಾನಿನಲ್ಲಿ ಸಂಜೆಯ ತರಗತಿ ಇಫ್ತಾರಿನ ಹೊತ್ತಿಗೆ ಬೀಳುತ್ತದೆ. ನಗರದಲ್ಲಿ ಸಂಜೆ ತರಗತಿ ಮುಗಿಸಿ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ದೂರದ ಊರಿಗೆ ಹೆಣ್ಣುಮಗಳು ಬಸ್ಸು ಹಿಡಿಯಬೇಕು. ಆನ್‌ಲೈನ್ ತರಗತಿಯಾದರೆ ಪ್ರಯಾಣ ಉಳಿಯುತ್ತದೆ, ಆದರೆ ಕರೆಂಟು, ನೆಟ್‌ವರ್ಕ್, ಮನೆಯಲ್ಲಿ ಒಂದು ಸದ್ದಿಲ್ಲದ ಮೂಲೆ ಬೇಕು. ಇದನ್ನೆಲ್ಲ ಕೂಡಿಸಿದರೆ ವರ್ಷದ 52 ವಾರದಲ್ಲಿ ಪೂರ್ತಿ ಕಲಿಕೆಯ ವಾರಗಳು ನಲವತ್ತರ ಮೇಲೆ ಸಿಗುವುದಿಲ್ಲ ಎಂದು ನಾವು ಹಿಡಿದಿದ್ದೇವೆ.

ಆದ್ದರಿಂದ ಆ ತಾಯಿಯ ಪ್ರಶ್ನೆಗೆ ನಮ್ಮ ಉತ್ತರ ಇದು. ದಿನಕ್ಕೆ ಮೂರು ಗಂಟೆ ತಪ್ಪದೆ ಕೂಡುವ ಮಗಳಿಗೆ ಬಿ1ಕ್ಕೆ ಸುಮಾರು ಒಂದು ವರ್ಷ, ಬಿ2ಕ್ಕೆ ಒಂದೂವರೆ ವರ್ಷ. ನೌಕರಿ ಮಾಡುತ್ತ ಕಲಿಯುವವರಿಗೆ ಎರಡು ವರ್ಷ ದಾಟಬಹುದು. ಎಲ್ಲ ಬಿಟ್ಟು ದಿನವಿಡೀ ಕಲಿತರೆ ಹತ್ತು ತಿಂಗಳಿಗೂ ಆದೀತು, ಆದರೆ ಮನೆ ಅದಕ್ಕೆ ಅನುವಾಗಬೇಕು. ಭಾಷೆ ಮುಗಿದ ಮೇಲೆ ಕಾಗದಪತ್ರದ ಭಾಷಾಂತರ, ಮಾನ್ಯತೆಯ ಅರ್ಜಿ, ವೀಸಾ ಇವಕ್ಕೆ ಬೇರೆ ತಿಂಗಳುಗಳು. ಓದಲು ಹೋಗುವವರು ಇನ್ನೊಂದು ಲೆಕ್ಕ ತಿಳಿದಿರಬೇಕು: ವೀಸಾಕ್ಕೆ ಮುನ್ನ ಒಂದು ವರ್ಷದ ಖರ್ಚನ್ನು ಅಲ್ಲಿನ ತಡೆಹಿಡಿದ ಖಾತೆಯಲ್ಲಿ ಇಡಬೇಕು. 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೊ. ಅಷ್ಟನ್ನು ಕೊಡುವ ಶಕ್ತಿ ನಮ್ಮ ಟ್ರಸ್ಟಿಗೆ ಇಲ್ಲ ಎಂದು ಈಗಲೇ ಹೇಳಿಬಿಡುತ್ತೇವೆ.

ಇಷ್ಟು ಕಷ್ಟಪಟ್ಟು ಹೋಗುವುದರಲ್ಲಿ ಅರ್ಥವಿದೆಯೇ ಎಂದು ಕೆಲವು ದಾನಿಗಳು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಜರ್ಮನಿಯಲ್ಲಿ ಮುದುಕರು ಹೆಚ್ಚು, ನೋಡಿಕೊಳ್ಳುವ ಕೈ ಕಡಿಮೆ. 2024ರ ಅಕ್ಟೋಬರಿನಲ್ಲಿ ಆ ದೇಶ ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವಾರ್ಷಿಕ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಹೇಳಿತು. ಕೇರಳ ಸರಕಾರದ ನೋರ್ಕಾ ಸಂಸ್ಥೆ 2021ರಲ್ಲೇ ಜರ್ಮನಿಯ ಉದ್ಯೋಗ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ನರ್ಸುಗಳನ್ನು ಕಳಿಸುತ್ತಿದೆ. ಅಲ್ಲಿನ ಮನೆಗಳಿಗೆ ದಾರಿ ಗೊತ್ತಿದೆ, ನಮ್ಮ ಮನೆಗಳಿಗೆ ಇನ್ನೂ ಏಜೆಂಟನ ಮಾತೇ ದಾರಿ. ನಮ್ಮ ಹಿರಿಯರಲ್ಲಿ ಆ ದಾರಿ ತುಳಿದವರು ಇಲ್ಲದೆ ಇಲ್ಲ. 1897ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಡಾ. ಝಾಕಿರ್ ಹುಸೇನ್ ಸಾಹೇಬರು ಬರ್ಲಿನ್ನಿಗೆ ಹೋಗಿ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು 1926ರಲ್ಲಿ ಮರಳಿದರು, ಜಾಮಿಯಾ ಮಿಲ್ಲಿಯಾ ಕಟ್ಟಿ ನಿಲ್ಲಿಸಿದರು, 1967ರಲ್ಲಿ ರಾಷ್ಟ್ರಪತಿಯಾದರು. ಅಲ್ಲಾಮಾ ಇಕ್ಬಾಲರು 1907ರಲ್ಲಿ ಹೈಡೆಲ್‌ಬರ್ಗ್ ಊರಿನಲ್ಲಿ ಕುಳಿತು ಜರ್ಮನ್ ಕಲಿತರು.

ಅತ್ತಲಿಂದ ಇತ್ತ ಬಂದವರೂ ಇದ್ದಾರೆ. ಜರ್ಮನಿಯ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಂದು ಧಾರವಾಡ, ಹುಬ್ಬಳ್ಳಿ, ಮಂಗಳೂರಿನಲ್ಲಿ ಕನ್ನಡ ಕಲಿತು 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದರು. ಹೆರ್ಮನ್ ಮೋಗ್ಲಿಂಗ್ 1836ರಲ್ಲಿ ಬಂದವರು. ಏಳು ವರ್ಷ ಕಳೆದ ಮೇಲೆ, 1843ರಲ್ಲಿ, ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದರು. ಅವರಿಗೆ ನಮ್ಮ ಭಾಷೆ ಕಲಿಯಲು ಎಷ್ಟು ಕಷ್ಟವಾಯಿತೋ ನಮಗೆ ಅವರದ್ದು ಅಷ್ಟೇ. ಅವರ ಕಾಲದಲ್ಲಿ ಬಿ2 ಪರೀಕ್ಷೆ ಇರಲಿಲ್ಲ ಎನ್ನುವುದೊಂದೇ ವ್ಯತ್ಯಾಸ.

ಏಜೆಂಟರ ಬಗ್ಗೆ ಎರಡು ಮಾತು. ವಿದೇಶದ ನೌಕರಿಗೆ ಜನರನ್ನು ಕಳಿಸುವವರು 1983ರ ವಲಸೆ ಕಾಯ್ದೆಯಡಿ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಬೇಕು. ಅವರ ಪಟ್ಟಿ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ನೋಂದಾಯಿತ ಏಜೆಂಟ್ ಅಭ್ಯರ್ಥಿಯಿಂದ ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ಪಾವತಿ ಇಲ್ಲದೆ ಹಣ ಕೊಡಬೇಡಿ. ಮೂಲ ಅಂಕಪಟ್ಟಿ, ಪಾಸ್‌ಪೋರ್ಟ್ ಯಾರ ಕೈಗೂ ಒಪ್ಪಿಸಬೇಡಿ, ನಕಲು ಕೊಡಿ. ಯಾರ ಹೆಸರು ಹೇಳಿದರೂ ನಮ್ಮ ಕಚೇರಿಗೆ ಬನ್ನಿ, ಪಟ್ಟಿಯಲ್ಲಿ ಇದೆಯೋ ಇಲ್ಲವೋ ನಿಮ್ಮ ಮುಂದೆಯೇ ನೋಡಿ ಹೇಳುತ್ತೇವೆ.

ಇನ್ನು ಈ ವರ್ಷದ ನೆರವಿನ ಕ್ರಮ. ಹಳೆಯ ಆರು ತಿಂಗಳ ಠರಾವನ್ನು ರದ್ದು ಮಾಡಿದ್ದೇವೆ. ಜರ್ಮನ್ ಕಲಿಕೆಗೆ ಆಯ್ಕೆಯಾದವರಿಗೆ ಹದಿನೆಂಟು ತಿಂಗಳ ನೆರವು ಮೊದಲೇ ಕಾಯ್ದಿರಿಸುತ್ತೇವೆ. ಅಷ್ಟು ಹಣ ಕೈಯಲ್ಲಿಲ್ಲದಿದ್ದರೆ ಆಯ್ಕೆಯಾಗುವವರ ಸಂಖ್ಯೆಯನ್ನೇ ಕಡಿಮೆ ಮಾಡುತ್ತೇವೆ. ಹತ್ತು ಮಂದಿಯನ್ನು ಅರ್ಧ ದಾರಿಯಲ್ಲಿ ಬಿಡುವುದಕ್ಕಿಂತ ಮೂವರನ್ನು ದಾಟಿಸುವುದು ವಾಸಿ ಎಂದು ಸಭೆಯಲ್ಲಿ ಬಹಳ ಚರ್ಚೆಯಾದ ಮೇಲೆ ಒಪ್ಪಿದೆವು. ಎಲ್ಲರೂ ಸಂತೋಷದಿಂದ ಒಪ್ಪಿದರು ಎಂದು ಹೇಳಲಾರೆವು. ಎ1 ಶುಲ್ಕದ ಅರ್ಧವನ್ನು ಮನೆಯವರೇ ಭರಿಸಬೇಕು. ಮೂರು ತಿಂಗಳಲ್ಲಿ ಈ ಭಾಷೆ ತನಗೆ ಹೊಂದುತ್ತದೋ ಇಲ್ಲವೋ ಎಂಬುದು ವಿದ್ಯಾರ್ಥಿಗೂ ತಿಳಿಯಲಿ ಎಂಬುದು ಇದರ ಉದ್ದೇಶ. ಅಲ್ಲಿಗೇ ಬಿಟ್ಟರೂ ಯಾರೂ ಆಕ್ಷೇಪಿಸುವುದಿಲ್ಲ. ಎ2ರಿಂದ ಬಿ2ವರೆಗಿನ ಶುಲ್ಕವನ್ನು ಮೆಟ್ಟಿಲು ಮೆಟ್ಟಿಲಾಗಿ ನೇರ ಕಲಿಸುವ ಸಂಸ್ಥೆಗೆ ಕಟ್ಟುತ್ತೇವೆ. ಅದು ಬಡ್ಡಿಯಿಲ್ಲದ ಕರ್ಜೆ ಹಸನಾ. ಕೆಲಸ ಸಿಕ್ಕ ಮೇಲೆ ಅನುಕೂಲದ ಕಂತಿನಲ್ಲಿ ಮರಳಿಸಿದರೆ ಮುಂದಿನವರಿಗೆ ಹೋಗುತ್ತದೆ. ಪರೀಕ್ಷಾ ಶುಲ್ಕ, ಬೆಂಗಳೂರು ಅಥವಾ ಪುಣೆಯ ಪ್ರಯಾಣ, ಫೇಲಾದ ಒಂದು ಭಾಗವನ್ನು ಮತ್ತೆ ಒಮ್ಮೆ ಬರೆಯುವ ಖರ್ಚು, ಇವು ಮರಳಿಸಬೇಕಿಲ್ಲ. ಝಕಾತ್ ಖಾತೆಯನ್ನು ಎಂದಿನಂತೆ ಬೇರೆಯೇ ಇಟ್ಟಿದ್ದೇವೆ. ಈ ಯೋಜನೆ ಸಾಮಾನ್ಯ ಶಿಕ್ಷಣ ನಿಧಿಯಿಂದ ನಡೆಯುತ್ತದೆ.

ಅರ್ಜಿಯಲ್ಲಿ ಈ ಸಲ ಹೊಸದಾಗಿ ಒಂದು ಪುಟ ಸೇರಿದೆ. ದಿನದ ಯಾವ ಹೊತ್ತಿನಲ್ಲಿ ಓದುತ್ತೀರಿ, ಎಲ್ಲಿ ಕುಳಿತು, ಯಾರ ಫೋನಿನಲ್ಲಿ, ಸುಗ್ಗಿಯಲ್ಲಿ ಏನು ಮಾಡುತ್ತೀರಿ ಎಂದು ಬರೆಯಬೇಕು. ಅಂಕಪಟ್ಟಿಗಿಂತ ಆ ಪುಟವನ್ನೇ ಸಮಿತಿ ಮೊದಲು ಓದುತ್ತದೆ. ತಂದೆ ಅಥವಾ ತಾಯಿಯ ಸಹಿಯೂ ಆ ಪುಟದ ಕೆಳಗೇ ಇರಬೇಕು. ಕನ್ನಡ, ಉರ್ದು ಯಾವುದರಲ್ಲಿ ಬರೆದರೂ ನಡೆಯುತ್ತದೆ.

ಮೇಲೆ ಹೇಳಿದ ಹೆಣ್ಣುಮಗಳು ಈ ವರ್ಷ ಮತ್ತೆ ನಮ್ಮ ನೆರವಿನಿಂದ ಕಲಿಯುತ್ತಿದ್ದಾರೆ. ಬಿ1 ಪರೀಕ್ಷೆಯಲ್ಲಿ ಓದು, ಕೇಳುವಿಕೆ, ಮಾತು ಮೂರೂ ದಾಟಿದರು. ಬರಹದಲ್ಲಿ 54 ಅಂಕ ಬಂದಿದೆ. ಆ ಒಂದು ಭಾಗವನ್ನು ಮತ್ತೆ ಬರೆಯಲು ಹೆಸರು ನೋಂದಾಯಿಸಿದ್ದೇವೆ, ಅಣ್ಣನ ಜೊತೆ ರಾತ್ರಿ ರೈಲಿಗೆ ಬೆಂಗಳೂರಿಗೆ ಹೋಗುತ್ತಾರೆ. ಹೊಸಬರಿಗೆ ಏನಾದರೂ ಕೇಳುವುದಿದ್ದರೆ ತಿಂಗಳ ಮೊದಲ ಭಾನುವಾರ ಜುಹರ್ ನಮಾಜಿನ ನಂತರ ಅವರು ಕಚೇರಿಯಲ್ಲಿ ಸಿಗುತ್ತಾರೆ. ತಿಕೋಟಾದ ಆ ತಾಯಿಯ ಮಗಳು ಹೋದ ತಿಂಗಳು ಬಂದಿದ್ದಳು. ಬಳೆ ಅಡವು ಇಡಲಿಲ್ಲವಂತೆ, ಎ1 ಪುಸ್ತಕ ತಂದಿದ್ದಳು.